ಸಾಣೆರಾಯರು

ಸಾಣೆರಾಯರು ಎಂಬುದು ಒಬ್ಬ ವ್ಯಕ್ತಿಯ ಹೆಸರಲ್ಲ, ಒಂದು ವರ್ಗದ ಹೆಸರು. ನೂರು, ನೂರೈವತ್ತು ವರ್ಷ ಹಳೆಯದಾದ ಮಡಚುವ ಕ್ಷೌರದ ಕತ್ತಿಗಳನ್ನು ಹುಡುಕಿ ಕೊಂಡು, ತುಕ್ಕು ಬಿಡಿಸಿ, ಕಲ್ಲಿಗೆ ಹಿಡಿದು ಮಸೆದು, ಅದರಿಂದಲೇ ಗಡ್ಡ ಹೆರೆದುಕೊಳ್ಳುವ ಅಥವಾ ಹೆರೆದುಕೊಳ್ಳುವ ಸಿದ್ಧತೆಯಲ್ಲೇ ಇರುವ ಗೃಹಸ್ಥರೆಲ್ಲ ಈ ವರ್ಗಕ್ಕೆ ಸೇರುತ್ತಾರೆ. ಇವರು ಹೆಚ್ಚಾಗಿ ಕಾಣಸಿಗುವುದು ಬ್ರಿಟನ್, ಜರ್ಮನಿ, ಅಮೆರಿಕಗಳಲ್ಲಿ. ಹಳೆಯ ಕತ್ತಿಗಳ ರಾಶಿ ಬಿದ್ದಿರುವುದೂ ಅಲ್ಲೇ. ಕನ್ನಡಿಗರಲ್ಲಿ ಈ ವರ್ಗ ವಿರಳ. ಇಲ್ಲಿನ ವಿವರಗಳಲ್ಲಿ ಬಹುಪಾಲು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ನೆಲೆಸಿರುವ, ಹಾಸನದ ಕಡೆಯ ಒಂದೇ ಮಾದರಿಯನ್ನು ಹತ್ತಿರದಿಂದ, ಕೆಲವು ಸಲ ತೀರಾ ಹತ್ತಿರದಿಂದ, ನೋಡಿ ಸಂಗ್ರಹಿಸಿದವು.

ಈ ಗೀಳು ಅಂಟುವುದು ಸಾಮಾನ್ಯವಾಗಿ ನಲವತ್ತರ ಆಸುಪಾಸಿನಲ್ಲಿ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು, ಸಂಜೆಗೆ ಏನು ಮಾಡಿದೆ ಎಂದು ಹೆಂಡತಿಗೆ ವಿವರಿಸಲಾಗದ ಕೆಲಸ ಮಾಡುವವರಲ್ಲಿ ಹೆಚ್ಚು. ಮೊದಲ ಲಕ್ಷಣ ಮಿತವ್ಯಯದ ಮಾತು. ಐದು ಬ್ಲೇಡಿನ ಪ್ಲಾಸ್ಟಿಕ್ ತಲೆಗೆ ಅಂಗಡಿಯವರು ಕೇಳುವ ದುಡ್ಡು ಎಷ್ಟು, ವರ್ಷಕ್ಕೆ ಅದು ಎಷ್ಟಾಯಿತು, ಒಂದು ಒಳ್ಳೆಯ ಕತ್ತಿ ಕೊಂಡರೆ ಮೊಮ್ಮಗನ ಕಾಲಕ್ಕೂ ಸಾಕು ಎಂದು ರಾಯರು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸುತ್ತಾರೆ. ಲೆಕ್ಕದಲ್ಲಿ ತಪ್ಪೇನಿಲ್ಲ, ‘ಒಂದು’ ಎಂಬ ಸಂಖ್ಯೆಯ ಹೊರತು. ಎರಡನೆಯ ವರ್ಷದ ಹೊತ್ತಿಗೆ ಕಪಾಟಿನಲ್ಲಿರುವ ಉಕ್ಕಿನ ಬೆಲೆಗೆ ಇಡೀ ಬೀದಿಯ ಗಂಡಸರಿಗೆ ಜೀವಮಾನ ಪೂರ್ತಿ ಪ್ಲಾಸ್ಟಿಕ್ ತಲೆ ಕೊಡಿಸಬಹುದಾಗಿರುತ್ತದೆ. ಆಗ ಮಿತವ್ಯಯದ ಮಾತು ನಿಂತು ಪರಂಪರೆಯ ಮಾತು ಶುರುವಾಗುತ್ತದೆ.

ರಾಯರ ಇತಿಹಾಸ 1769ರಿಂದ ಮೊದಲಾಗುತ್ತದೆ. ಗಂಡಸರು ಕ್ಷೌರಿಕನ ಮುಂದೆ ಕೂರದೆ ತಮ್ಮ ಗಡ್ಡವನ್ನು ತಾವೇ ಹೆರೆದುಕೊಳ್ಳುವುದು ಹೇಗೆಂದು ಹೇಳುವ ಪುಸ್ತಕವೊಂದನ್ನು ಫ್ರಾನ್ಸಿನ ಕತ್ತಿ ತಯಾರಕ ಜಾನ್ ಜಾಕ್ ಪೆರೆ ಆ ವರ್ಷ ಪ್ರಕಟಿಸಿದ. ರಾಯರ ಪಾಲಿಗೆ ಚರಿತ್ರೆ ಮುಗಿಯುವುದು 1903ರಲ್ಲಿ. ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಅಮೆರಿಕದ ವ್ಯಾಪಾರಿ ಬಳಸಿ ಬಿಸಾಡುವ ಬ್ಲೇಡಿನ ರೇಜರನ್ನು ಮಾರುಕಟ್ಟೆಗೆ ತಂದದ್ದು ಆಗ. ಮೊದಲ ವರ್ಷ ಹೋದದ್ದು 51 ರೇಜರು, 168 ಬ್ಲೇಡು, ಅಷ್ಟೇ. ಈ ಅಂಕಿ ಹೇಳುವಾಗ ರಾಯರ ಮುಖದಲ್ಲಿ ಸಣ್ಣ ಸಂತೋಷ ಕಾಣುತ್ತದೆ. ಆಮೇಲೆ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ತನ್ನ ಸಿಪಾಯಿಗಳಿಗೆಲ್ಲ ಅದನ್ನೇ ಹಂಚಿದ್ದು, ಯುದ್ಧ ಮುಗಿಸಿ ಬಂದವರು ಅಪ್ಪನ ಕತ್ತಿಯನ್ನು ಅಟ್ಟಕ್ಕೆ ಎಸೆದದ್ದು ಹೇಳುವಾಗ ಸಂತೋಷ ಮಾಯ. ಆ ಅಟ್ಟಗಳಿಂದ ಇಳಿದು ಬರುತ್ತಿರುವ ಕತ್ತಿಗಳೇ ಇವತ್ತು ರಾಯರ ಕಪಾಟಿನಲ್ಲಿರುವುದು.

ನಡುವಿನ ಅವಧಿಯ ಕಾಶಿ ಇಂಗ್ಲೆಂಡಿನ ಶೆಫೀಲ್ಡ್. ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕ 1740ರ ದಶಕದಲ್ಲಿ ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ಪೂರ್ತಿ ಕರಗಿಸಿ ಎರಕ ಹೊಯ್ಯುವ ವಿಧಾನ ಕಂಡುಕೊಂಡ. ಕತ್ತಿಯ ಅಲಗಿಗೆ ಬೇಕಾದ ಏಕರೂಪದ ಉಕ್ಕು ಆಗ ಸಿಕ್ಕಿತು. ಸ್ನೂಕರ್ ವಿಶ್ವ ಚಾಂಪಿಯನ್‌ಷಿಪ್ 1977ರಿಂದ ನಡೆಯುತ್ತಿರುವ ಶೆಫೀಲ್ಡಿನ ಕ್ರೂಸಿಬಲ್ ರಂಗಮಂದಿರಕ್ಕೆ ಆ ಹೆಸರು ಬಂದದ್ದು ಈ ಮೂಸೆಯಿಂದ. ಟಿವಿಯಲ್ಲಿ ಸ್ನೂಕರ್ ಹಾಕಿದರೆ ರಾಯರ ಕಡೆಯಿಂದ ಇಷ್ಟು ಮಾಹಿತಿ ಉಚಿತ.

ಅತಿಥಿ ಕನ್ನಡಿಗನಾದರೆ ಇನ್ನೊಂದು ಅಧ್ಯಾಯ ಸೇರುತ್ತದೆ. ಲಂಡನ್ನಿನ ಜೇಮ್ಸ್ ಸ್ಟೋಡರ್ಟ್ ಎಂಬ ಹೆಸರಾಂತ ಕತ್ತಿ ತಯಾರಕ ದಕ್ಷಿಣ ಭಾರತದ ಮೂಸೆ ಉಕ್ಕನ್ನು ಯುರೋಪಿನ ಯಾವ ಉಕ್ಕಿಗಿಂತಲೂ ಮೇಲೆಂದು ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ್ದ. ಮೈಸೂರು ಸೀಮೆ ಆ ಉಕ್ಕಿನ ತವರುಗಳಲ್ಲೊಂದು. ಅದರ ಗುಟ್ಟು ಹಿಡಿಯಹೊರಟ ಸ್ಟೋಡರ್ಟ್, ಮೈಕೆಲ್ ಫ್ಯಾರಡೆಯ ಜತೆ ಸೇರಿ 1820ರ ಸುಮಾರಿಗೆ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಬೆರೆಸಿ ನೋಡಿದ. ಆ ಮಿಶ್ರಲೋಹಗಳಲ್ಲಿ ಕ್ಷೌರದ ಕತ್ತಿಗಳೂ ತಯಾರಾದವು. ಇಷ್ಟು ಹೇಳಿ ರಾಯರು ಶೆಫೀಲ್ಡಿನ ಕತ್ತಿಯೊಂದನ್ನು ಎತ್ತಿ ಹಿಡಿದು, “ಎಲ್ಲಾ ನಮ್ಮದೇ ಕಣ್ರೀ” ಎನ್ನುತ್ತಾರೆ. ಶೆಫೀಲ್ಡಿನ ಒಳ್ಳೆಯ ಕತ್ತಿಗಳಿಗೆ ಕಬ್ಬಿಣ ಬರುತ್ತಿದ್ದದ್ದು ಬಹುಮಟ್ಟಿಗೆ ಸ್ವೀಡನ್ನಿನಿಂದ ಎಂಬುದು ಅವರಿಗೂ ಗೊತ್ತು. ಆ ಹೊತ್ತಿನಲ್ಲಿ ಅದನ್ನು ಎತ್ತುವುದು ಅತಿಥಿಗೆ ಶೋಭೆಯಲ್ಲ.

ಕತ್ತಿಯ ಅಂಗಾಂಗಗಳು ಹೀಗೆ: ಹೆರೆಯುವ ಕಡೆಗೆ ಬಾಯಿ, ಅದರ ಎದುರಿಗೆ ದಪ್ಪನೆಯ ಬೆನ್ನು, ತುದಿಗೆ ಮೂಗು, ಹಿಂದಕ್ಕೆ ಬಾಗಿದ ಬಾಲ, ಅಲಗನ್ನು ಮಡಚಿ ಮುಚ್ಚಲು ಎರಡು ಪಟ್ಟಿಯ ಹಿಡಿ, ಎಲ್ಲವನ್ನೂ ಹಿಡಿದಿಡುವ ಹಿತ್ತಾಳೆಯ ಮೊಳೆ. ಅಗಲವನ್ನು ಅಂಗುಲದ ಎಂಟನೆಯ ಭಾಗಗಳಲ್ಲಿ ಹೇಳುವುದು ರೂಢಿ: ನಾಲ್ಕೆಂಟು, ಐದೆಂಟು, ಆರೆಂಟು, ಎಂಟೆಂಟು. ಅಲಗಿನ ಹೊಟ್ಟೆ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದವರೆಗೆ ಹೆಚ್ಚುಕಡಿಮೆ ಸಪಾಟಾಗಿ, ಬೆಣೆಯಾಕಾರದಲ್ಲಿ ಇರುತ್ತಿತ್ತು. ಆಮೇಲೆ ಎರಡೂ ಕಡೆ ಒಳಕ್ಕೆ ಕೊರೆದು ತೆಳ್ಳಗೆ ಮಾಡುವ ಕಲೆ ಬೆಳೆಯಿತು. ಜರ್ಮನಿಯ ಸೋಲಿಂಗೆನ್ ಅದರಲ್ಲಿ ಮುಂದು. ಈ ಊರಿನ ಹೆಸರನ್ನು ಯಾರು ಬೇಕಾದರೂ ಕತ್ತಿಯ ಮೇಲೆ ಒತ್ತುವಂತಿಲ್ಲವೆಂದು 1938ರಲ್ಲೇ ಕಾನೂನಾಗಿದೆ. ಪೂರ್ತಿ ಕೊರೆದ ಅಲಗನ್ನು ಹೆಬ್ಬೆರಳಿನಿಂದ ಮೀಟಿದರೆ ‘ಣಿಂಗ್’ ಎಂದು ನಾದ ಬರುತ್ತದೆ. ರಾಯರು ಮೀಟುತ್ತಾರೆ. ಫೋನಿನಲ್ಲೂ ಮೀಟಿ ಕೇಳಿಸುತ್ತಾರೆ.

ಕೊಳ್ಳುವ ಸ್ಥಳಗಳಲ್ಲಿ ಮುಖ್ಯವಾದದ್ದು ಡಿಕ್ಕಿ ಸಂತೆ. ಇಂಗ್ಲೆಂಡಿನ ಊರಾಚೆಯ ಬಯಲುಗಳಲ್ಲಿ ಭಾನುವಾರ ಬೆಳಗಾಗುತ್ತಲೇ ಜನ ಕಾರು ನಿಲ್ಲಿಸಿ, ಡಿಕ್ಕಿ ತೆರೆದು, ಮನೆಯ ಹಳೆ ಸಾಮಾನು ಹರಡಿ ಕೂರುತ್ತಾರೆ. ವಾರವಿಡೀ ಎಂಟಕ್ಕೆ ಮುಂಚೆ ಏಳದ ರಾಯರು ಅಂದು ಐದಕ್ಕೆ ಟಾರ್ಚು ಹಿಡಿದು ಅಲ್ಲಿರುತ್ತಾರೆ. ದೊಡ್ಡ ಬೇಟೆಗೆ ನಾಟಿಂಗ್‌ಹ್ಯಾಮ್‌ಷೈರಿನ ನ್ಯೂವಾರ್ಕ್ ಪುರಾತನ ವಸ್ತುಗಳ ಜಾತ್ರೆಯಿದೆ. ಮಿಕ್ಕ ದಿನಗಳಿಗೆ ಆನ್‌ಲೈನ್ ಹರಾಜು. ಅದರ ಕೊನೆಯ ಹತ್ತು ಸೆಕೆಂಡು ಸದಾ ರಾತ್ರಿ ಎರಡು ಗಂಟೆಗೇ ಬರುತ್ತದೆ. ಪಾರ್ಸೆಲ್ಲು ರಾಯರ ಆಫೀಸಿನ ವಿಳಾಸಕ್ಕೆ ಹೋಗುತ್ತದೆ. ಮನೆಗೆ ಬಂದ ಕತ್ತಿಗೆಲ್ಲ ಒಂದೇ ಬೆಲೆ, ಹತ್ತು ಪೌಂಡು. ಹೆಂಡತಿ ಇದನ್ನು ನಂಬುವುದಿಲ್ಲ, ಹಾಗೆಂದು ಹೇಳುವುದೂ ಇಲ್ಲ. ಆಕೆಯ ಸೀರೆಗಳಿಗೂ ಅದೇ ಬೆಲೆ.

ಕತ್ತಿಯ ಪ್ರಾಯ ಹೇಳುವ ವಿದ್ಯೆಯಲ್ಲಿ ರಾಯರನ್ನು ಮೆಚ್ಚಲೇಬೇಕು. ಅಲಗಿನ ಬುಡದ ಮುದ್ರೆಯಲ್ಲಿ ಕಿರೀಟದ ಪಕ್ಕ ‘ಡಬ್ಲ್ಯು.ಆರ್.’ ಎಂದಿದ್ದರೆ ಅದು ನಾಲ್ಕನೆಯ ವಿಲಿಯಂ ಆಳಿದ 1830ರಿಂದ 1837ರ ನಡುವಿನದು, ‘ವಿ.ಆರ್.’ ಎಂದಿದ್ದರೆ ವಿಕ್ಟೋರಿಯಾ ಕಾಲದ್ದು. ಅಮೆರಿಕದ ಮ್ಯಾಕಿನ್ಲಿ ಸುಂಕ ಕಾಯಿದೆಯಿಂದಾಗಿ 1891ರಿಂದ ಆಮದು ಸರಕಿನ ಮೇಲೆ ದೇಶದ ಹೆಸರು ಕಡ್ಡಾಯವಾಯಿತು. ಆದ್ದರಿಂದ ಶೆಫೀಲ್ಡ್ ಎಂದಷ್ಟೇ ಇದ್ದು ಇಂಗ್ಲೆಂಡ್ ಎಂದಿಲ್ಲದ ಕತ್ತಿ ಅದಕ್ಕೂ ಹಿಂದಿನದಿರುವ ಸಂಭವ ಹೆಚ್ಚು. ವೇಡ್ ಅಂಡ್ ಬುಚರ್, ಜೋಸೆಫ್ ರಾಜರ್ಸ್, ವೋಸ್ಟನ್‌ಹೋಮ್ ಮುಂತಾದ ಮನೆತನಗಳ ಗೋತ್ರ ಪ್ರವರ ರಾಯರಿಗೆ ಬಾಯಿಪಾಠ. ತಮ್ಮ ಸೋದರಮಾವನ ಮಕ್ಕಳಲ್ಲಿ ಯಾರು ದೊಡ್ಡವರು ಯಾರು ಚಿಕ್ಕವರು ಎಂಬುದು ಮಾತ್ರ ಪ್ರತಿ ಮದುವೆಯಲ್ಲೂ ಕೇಳಿ ತಿಳಿಯಬೇಕು.

ಸಂಗ್ರಹದ ಕಿರೀಟ ಏಳು ಕತ್ತಿಗಳ ಪೆಟ್ಟಿಗೆ. ಬಳಸಿದ ಅಲಗಿಗೆ ಒಂದು ವಾರ ವಿಶ್ರಾಂತಿ ಕೊಡಬೇಕೆಂಬ ನಂಬಿಕೆಯಿಂದ ಹಿಂದೆ ಶ್ರೀಮಂತರು ವಾರಕ್ಕೆ ಏಳು ಕತ್ತಿ ಇಟ್ಟುಕೊಳ್ಳುತ್ತಿದ್ದರು. ಒಂದೊಂದರ ಬೆನ್ನಿನ ಮೇಲೂ ಒಂದೊಂದು ವಾರದ ಹೆಸರು ಕೆತ್ತಿರುತ್ತದೆ. ರಾಯರಿಗೆ ಸಿಕ್ಕ ಪೆಟ್ಟಿಗೆಯಲ್ಲಿ ಬುಧವಾರ ಇಲ್ಲ. ಅದೇ ಕಂಪನಿಯ, ಅದೇ ಅಗಲದ, ಅದೇ ದಂತದ ಬಣ್ಣದ ಹಿಡಿಯ ಬುಧವಾರಕ್ಕಾಗಿ ಹುಡುಕಾಟ ನಡೆದೇ ಇದೆ. ಬೇರೆ ಪೆಟ್ಟಿಗೆಗಳಿಂದ ಚದುರಿದ ಗುರುವಾರಗಳು ಬೇಕಾದಷ್ಟು ಸಿಗುತ್ತವೆ. ಬುಧವಾರ ರಾಯರು ಗಡ್ಡ ಹೆರೆಯುವುದಿಲ್ಲ.

ದಂತದ ಬಣ್ಣ ಎಂದದ್ದಕ್ಕೆ ಕಾರಣವಿದೆ. ನಿಜವಾದ ಆನೆದಂತದ ಹಿಡಿಯಿರುವ ಕತ್ತಿಯನ್ನು ಬ್ರಿಟನ್ನಿನಲ್ಲಿ 2022ರ ಜೂನ್‌ನಿಂದ ಹೆಚ್ಚುಕಡಿಮೆ ಮಾರುವಂತೆಯೇ ಇಲ್ಲ. ಹಳೆಯದೆಂಬುದು ಅಲ್ಲಿ ಸಾಕಾಗುವ ಸಬೂಬಲ್ಲ. ಭಾರತಕ್ಕೆ ತರುವ ಮಾತಂತೂ ಬೇಡ, ವನ್ಯಜೀವಿ ಕಾಯಿದೆ ಬಿಡುವುದಿಲ್ಲ. ಅದಕ್ಕೆ ಬದಲಾಗಿ ಸಾಮಾನ್ಯವಾಗಿ ಸಿಗುವುದು ಕೊಂಬು, ಇಲ್ಲವೇ ಸೆಲ್ಯುಲಾಯ್ಡ್. ಈ ಸೆಲ್ಯುಲಾಯ್ಡ್ ಮಹಾ ಕಪಟಿ. ಹಳತಾದಂತೆ ಒಳಗಿಂದೊಳಗೇ ಕೊಳೆತು ಆಮ್ಲದ ಹಬೆ ಬಿಡುತ್ತದೆ; ತಾನು ಹೊತ್ತ ಅಲಗನ್ನೂ, ಅದೇ ಪೆಟ್ಟಿಗೆಯಲ್ಲಿ ಪಕ್ಕಕ್ಕಿಟ್ಟ ನಿರಪರಾಧಿಗಳನ್ನೂ ತುಕ್ಕು ಹಿಡಿಸುತ್ತದೆ.

ಜೀರ್ಣೋದ್ಧಾರ ನಡೆಯುವುದು ಹಿತ್ತಲಿನ ಶೆಡ್ಡಿನಲ್ಲಿ. ಮೊಳೆ ತೆಗೆದು ಹಿಡಿ ಬಿಡಿಸುವುದು, ಸ್ಯಾಂಡ್‌ಪೇಪರಿನಲ್ಲಿ ಒರಟಿನಿಂದ ನಯಕ್ಕೆ ಹಂತ ಹಂತವಾಗಿ ತಿಕ್ಕುವುದು, ಹೊಸ ಮೊಳೆ ಬಡಿಯುವುದು, ಇಷ್ಟೇ ಕೆಲಸ; ಆದರೆ ಆತುರ ನಡೆಯುವುದಿಲ್ಲ. ಯಂತ್ರಕ್ಕೆ ಹಿಡಿದು ಅಲಗು ತುಂಬ ಕಾದರೆ ಉಕ್ಕಿನ ಹದ ಕೆಡುತ್ತದೆ. ಅಂಚು ಬಣ್ಣ ತಿರುಗಿತೆಂದರೆ ಮತ್ತೆ ಹರಿತ ನಿಲ್ಲುವುದಿಲ್ಲ. ಮಾರಾಟಗಾರರಲ್ಲಿ ಹಲವರು ಈ ಪಾಪ ಮಾಡಿಯೇ ಕನ್ನಡಿಯ ಹೊಳಪು ತರುವುದು. ಮುದ್ರೆ ಅಳಿಸಿ, ಅಂಚು ಬೆಂದು, ಫಳಫಳ ಎನ್ನುವ ಕತ್ತಿಗೆ ‘ಕ್ಷೌರಕ್ಕೆ ಸಿದ್ಧ’ ಎಂಬ ಚೀಟಿ ಅಂಟಿಸುತ್ತಾರೆ. ಅದನ್ನು ನಂಬಿ ಗಲ್ಲಕ್ಕೆ ಇಟ್ಟವರಿಗೆ, ಗಡ್ಡ ಹೆರೆಯುವುದಕ್ಕೂ ಕೀಳುವುದಕ್ಕೂ ಇರುವ ಅಂತರ ತಿಳಿಯುತ್ತದೆ.

ಇನ್ನು ಮಸೆಯುವ ವಿಷಯ. ರಾಯರು ರಾಯರಾಗುವುದು ಇಲ್ಲಿಯೇ.

ತತ್ತ್ವ ಸರಳ. ಕತ್ತಿಯನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿದರೆ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲು ಮುಟ್ಟುತ್ತವೆ. ಬೆನ್ನಿನ ದಪ್ಪವೇ ಕೋನವನ್ನು ನಿರ್ಧರಿಸುತ್ತದೆ. ಬೆನ್ನು 5 ಮಿ.ಮೀ. ದಪ್ಪ, ಅಗಲ 17 ಮಿ.ಮೀ. ಇದ್ದರೆ ಅಂಚಿನ ಕೋನ ಸುಮಾರು 17 ಡಿಗ್ರಿ. ಮೊದಲು 1000 ನಂಬರಿನ ಕಲ್ಲಿನಲ್ಲಿ ಎರಡೂ ಕಡೆಯ ಇಳಿಜಾರು ಒಂದೇ ಗೆರೆಯಲ್ಲಿ ಕೂಡುವಂತೆ ಮಾಡಬೇಕು. ಅಲ್ಲಿಂದ 4000, 8000, ಕೊನೆಗೆ 12000 ಅಥವಾ ನೈಸರ್ಗಿಕ ಕಲ್ಲು. ಆಮೇಲೆ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಐವತ್ತು ಅರವತ್ತು ಸಲ ಎಳೆದರೆ ಮುಗಿಯಿತು. ಪಳಗಿದವರಿಗೆ ಇದು ಒಂದು ಗಂಟೆಯ ಒಳಗಿನ ಕೆಲಸ.

ಆದರೆ ಕಲ್ಲುಗಳಿವೆಯಲ್ಲ! ಬೆಲ್ಜಿಯಂನ ಆರ್ಡೆನ್ ಬೆಟ್ಟಗಳ ಹಳದಿ ಕೊಟಿಕ್ಯೂಲ್. ಅದರೊಳಗೆ ಕಣ್ಣಿಗೆ ಕಾಣದ ಗಾರ್ನೆಟ್ ಹರಳುಗಳು, ಮೇಲೆ ನೀರು ಬಿಟ್ಟು ತಿಕ್ಕಿದರೆ ಅಕ್ಕಿ ರುಬ್ಬಿದ ಕಲ್ಲು ತೊಳೆದಾಗಿನ ಹಾಗೆ ಬೆಳ್ಳನೆಯ ಗಸಿ. ಜರ್ಮನಿಯ ತುರಿಂಜಿಯಾದ ಬೂದುಗಲ್ಲು. ಹಳೆಯ ಲೇಬಲ್ ಅಂಟಿಕೊಂಡೇ ಇದ್ದರೆ ಬೆಲೆ ಗಗನಕ್ಕೆ. ಕ್ಯೋಟೋದ ಗುಡ್ಡಗಳಿಂದ ತೆಗೆದ ಜಪಾನಿನ ಕಲ್ಲು, ಅಮೆರಿಕದ ಅರ್ಕನ್ಸಾ ಕಲ್ಲು. ಕತ್ತಿಗಿಂತ ಕಲ್ಲಿಗೆ ಹತ್ತು ಪಟ್ಟು ಕೊಟ್ಟವರಿದ್ದಾರೆ. ಲೆಸ್ಟರಿನ ರಾಯರಿಗೆ ಅವರ ಜಿಲ್ಲೆಯದೇ ಒಂದು ಕಲ್ಲಿನ ಮೇಲೆ ಪ್ರಾಣ. ಊರಿನ ವಾಯವ್ಯಕ್ಕಿರುವ ಚಾರ್ನ್‌ವುಡ್ ಅರಣ್ಯದ ವಿಟಲ್ ಹಿಲ್‌ನಲ್ಲಿ ಹಿಂದೆ ಹಸಿರು ಛಾಯೆಯ ಮಸೆಗಲ್ಲು ತೆಗೆಯುತ್ತಿದ್ದರು. 1957ರಲ್ಲಿ ಶಾಲಾ ಹುಡುಗರು ‘ಚಾರ್ನಿಯಾ’ ಎಂಬ ಆದಿಜೀವಿಯ ಪಳೆಯುಳಿಕೆ ಕಂಡದ್ದೂ ಅದೇ ಅರಣ್ಯದ ಬಂಡೆಗಳಲ್ಲಿ. ಬಂಡೆಯ ಪ್ರಾಯ 55 ಕೋಟಿ ವರ್ಷಕ್ಕೂ ಹೆಚ್ಚು. ಈ ಕಲ್ಲಿನ ಗುಣ ನಯ, ದೋಷ ನಿಧಾನ. ಇದರ ಮೇಲೆ ಕತ್ತಿ ಹರಿತವಾಗಬೇಕಾದರೆ ನೂರಾರು ಸಲ ಎಳೆಯಬೇಕು. 55 ಕೋಟಿ ವರ್ಷ ಕಾದ ಕಲ್ಲಿಗೆ ಅವಸರವೇನು?

ಅವಸರ ಅತಿಥಿಗೆ ಇರುತ್ತದೆ. ಒಂದು ಶನಿವಾರದ ಸಂಜೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಊಟಕ್ಕೆ ಕರೆದಿದ್ದರು, ಬಿಸಿಬೇಳೆಭಾತಿಗೆ ಒಗ್ಗರಣೆ ಬಿದ್ದ ಸದ್ದು ಅಡುಗೆಮನೆಯಿಂದ ಕೇಳಿಯಾಗಿತ್ತು. ಅಷ್ಟರಲ್ಲಿ ರಾಯರು, “ಐದೇ ನಿಮಿಷ ಬನ್ನಿ, ಒಂದು ಮಜಾ ತೋರಿಸ್ತೀನಿ” ಎಂದು ಅತಿಥಿಯನ್ನು ಶೆಡ್ಡಿಗೆ ಕರೆದೊಯ್ದರು. ಮೊದಲು ಕಲ್ಲು ಮಟ್ಟವಾಗಿದೆಯೇ ನೋಡಬೇಕಾಯಿತು: ಪೆನ್ಸಿಲಿನಲ್ಲಿ ಚೌಕುಳಿ ಗೆರೆ ಎಳೆದು, ವಜ್ರದ ಪುಡಿ ಕೂರಿಸಿದ ಹಲಗೆಯಿಂದ ಗೆರೆಯೆಲ್ಲ ಮಾಸುವ ತನಕ ತಿಕ್ಕಿದ್ದಾಯಿತು. ಒಂದು ಮೂಲೆಯಲ್ಲಿ ಗೆರೆ ಉಳಿಯಿತು. ಮತ್ತೆ ಎಳೆದು ಮತ್ತೆ ತಿಕ್ಕಿದ್ದಾಯಿತು. ಅಂಚಿಗೆ ಮಾರ್ಕರ್ ಪೆನ್ನಿನ ಮಸಿ ಹಚ್ಚಿ ಕಲ್ಲಿನ ಮೇಲೆ ಒಮ್ಮೆ ಎಳೆದು, ಮಸಿ ಎಲ್ಲಿ ಹೋಯಿತು ಎಲ್ಲಿ ಉಳಿಯಿತು ಎಂದು ಭೂತಗನ್ನಡಿಯಲ್ಲಿ ನೋಡಿದ್ದಾಯಿತು. ಬೆನ್ನು ಸವೆಯದಂತೆ ಅದಕ್ಕೆ ಕರೆಂಟಿನ ಟೇಪು ಸುತ್ತಬೇಕೇ ಬೇಡವೇ ಎಂಬ ಪ್ರಶ್ನೆ ಬಂತು. ಸಾಣೆರಾಯರಲ್ಲಿ ಇದು ಎರಡು ಮತಗಳಾಗಿ ಒಡೆದಿರುವ ವಿಷಯ. ಟೇಪಿನವರು ಟೇಪಿಲ್ಲದವರ ಕತ್ತಿಯನ್ನು ಮುಟ್ಟುವುದಿಲ್ಲ. ಎರಡೂ ಪಕ್ಷದ ವಾದಗಳನ್ನು ರಾಯರು ಪಕ್ಷಪಾತವಿಲ್ಲದೆ ಮಂಡಿಸಿದರು. ಆಮೇಲೆ ಎಣಿಕೆ ಶುರುವಾಯಿತು. ಅರವತ್ತರ ಹತ್ತಿರ ಅತಿಥಿ, “ಒತ್ತಿ ಎಳೀಬೇಕಾ?” ಎಂದು ಕೇಳಿ ಲೆಕ್ಕ ತಪ್ಪಿಸಿದ. ರಾಯರು ಕೋಪ ಮಾಡಿಕೊಳ್ಳಲಿಲ್ಲ. ಒತ್ತಬಾರದು, ಕತ್ತಿಯ ಭಾರವೇ ಸಾಕು ಎಂದು ಸಮಾಧಾನವಾಗಿ ವಿವರಿಸಿ, ಮತ್ತೆ ಒಂದರಿಂದ ಹಿಡಿದರು. ಅಷ್ಟರಲ್ಲಿ ಮಗಳು ಬಾಗಿಲಲ್ಲಿ ನಿಂತು, “ಅಪ್ಪಾ, ಅಮ್ಮ ಕರೀತಿದಾಳೆ” ಎಂದಳು. “ಬಂದೆ ಪುಟ್ಟಿ, ಎಂಬತ್ತೆರಡು, ಎಂಬತ್ಮೂರು.” ಊಟಕ್ಕೆ ಕೂತಾಗ ಬಿಸಿಬೇಳೆಭಾತು ಚಮಚ ನೆಟ್ಟರೆ ನಿಲ್ಲುವ ಹದಕ್ಕೆ ಬಂದಿತ್ತು.

ಮಸೆದದ್ದನ್ನು ಪರೀಕ್ಷೆ ಮಾಡಬೇಕಲ್ಲ. ಇದಕ್ಕೆ ಕೂದಲೆಳೆಯ ಪರೀಕ್ಷೆ ಎಂಬುದೊಂದಿದೆ: ಒಂದು ತಲೆಗೂದಲನ್ನು ಬೆರಳ ತುದಿಯಲ್ಲಿ ತೂಗುಬಿಟ್ಟು ಅಂಚಿಗೆ ತಾಗಿಸಿದರೆ ಸದ್ದಿಲ್ಲದೆ ತುಂಡಾಗಿ ಬೀಳಬೇಕು. ರಾಯರ ತಲೆಯಲ್ಲಿ ಇದಕ್ಕೆ ಬೇಕಾದಷ್ಟು ದಾಸ್ತಾನಿಲ್ಲ. ಹೆಂಡತಿಯ ಬಾಚಣಿಗೆಯಿಂದ ಆರಿಸಿ, ತೊಳೆದು ಒಣಗಿಸಿ, ಲಕೋಟೆಯಲ್ಲಿ ಹಾಕಿ, ಬುಡ ಯಾವುದು ತುದಿ ಯಾವುದು ಎಂದು ಗುರುತು ಹಾಕಿಟ್ಟಿರುತ್ತಾರೆ. ಆ ಲಕೋಟೆ ಒಮ್ಮೆ ಊರಿನಿಂದ ಬಂದ ನೆಂಟರ ಕೈಗೆ ಸಿಕ್ಕಿ, ಮಾಟ ಮಂತ್ರದವರೆಗೂ ಮಾತು ಹೋಗಿತ್ತು. ಮಗಳ ಕೂದಲು ತೀರಾ ನಯ, ಅದು ತುಂಡಾದರೆ ಗೌರವವಿಲ್ಲವಂತೆ.

ಅಂತಿಮ ಪರೀಕ್ಷೆ ಗಡ್ಡವೇ. ರಾಯರ ನಿಜವಾದ ಸಂಕಟವೂ ಅಲ್ಲೇ ಇದೆ. ಕತ್ತಿ ನಲವತ್ತು, ಮುಖ ಒಂದು. ಗಡ್ಡ ಬೆಳೆಯಲು ಎರಡು ದಿನ ಬೇಕು. ಕಂಪನಿಗೆ ಕಂಪನಿ, ಕಲ್ಲಿಗೆ ಕಲ್ಲು ಹೋಲಿಸಿ ನೋಡಬೇಕೆಂದರೆ ಎಡಗೆನ್ನೆಗೆ ಒಂದು, ಬಲಗೆನ್ನೆಗೆ ಒಂದು ಎಂದು ಹಂಚಿದರೂ ಸರದಿ ಮುಗಿಯುವುದಿಲ್ಲ. ಅದಕ್ಕಾಗಿಯೇ ಅವರು ಮಾತನಾಡುವಾಗ ಎದುರಿನವರ ಕಣ್ಣು ನೋಡದೆ ದವಡೆ ನೋಡುತ್ತಾರೆ. ಗಲ್ಲ ಕೊಡಲು ಯಾರೂ ಒಪ್ಪದಾಗ ಮುಂಗೈ ಕೇಳುತ್ತಾರೆ. “ಒಂದೇ ಒಂದಿಂಚು, ಗೊತ್ತೂ ಆಗಲ್ಲ.” ಗೊತ್ತಾಗುವುದಿಲ್ಲ ಎಂಬುದು ನಿಜ, ಅಷ್ಟು ಹರಿತವಾಗಿರುತ್ತದೆ. ಆ ಮನೆಯಲ್ಲಿ ಉಂಡು ಬಂದವರನ್ನು ಲೆಸ್ಟರಿನ ಕನ್ನಡಿಗರು ಮುಂಗೈಯ ಬೋಳು ಚೌಕದಿಂದ ಗುರುತಿಸುತ್ತಾರೆ. ಮೇಲೆ ಹೇಳಿದ ಅತಿಥಿ ಆಮೇಲೆ ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ತೊಡತೊಡಗಿದ್ದು ಆತನ ಸ್ವಂತ ವಿಷಯ, ಇಲ್ಲಿ ಚರ್ಚೆ ಬೇಡ.

ಈ ವರ್ಗದ ಮಿಕ್ಕ ಗುಣಗಳನ್ನು ಚುಟುಕಾಗಿ ಹೇಳಬಹುದು. ಸಿನಿಮಾದಲ್ಲಿ ಕೊಲೆಗಾರ ಕತ್ತಿ ಎತ್ತಿದರೆ ರಾಯರು ಮೊದಲು ಅದರ ಅಗಲ ಹೇಳುತ್ತಾರೆ. ವಿಮಾನದ ಕೈಚೀಲದಲ್ಲಿ ಕತ್ತಿ ಒಯ್ಯುವಂತಿಲ್ಲವೆಂದು ಗೊತ್ತಿದ್ದೂ ಪ್ರತಿ ಸಲ ಚೆಕ್‌ಇನ್ ಪೆಟ್ಟಿಗೆಯನ್ನು ಮೂರು ಬಾರಿ ತೆರೆದು ನೋಡುತ್ತಾರೆ. ಬಚ್ಚಲ ತೇವಕ್ಕೆ ತುಕ್ಕು ಬರುವುದರಿಂದ ಕತ್ತಿಗಳು ರೇಷ್ಮೆ ಸೀರೆಯ ಕಪಾಟಿನಲ್ಲಿವೆ, ಸೀರೆಗಳು ಬೇರೆಡೆ. ಆಯುಧಪೂಜೆಯಂದು ನಲವತ್ತನ್ನೂ ದೇವರ ಮುಂದೆ ಸಾಲಾಗಿ ಇಡುತ್ತಾರೆ. ಕುಂಕುಮ ಹಚ್ಚುವಾಗ ಮಾತ್ರ, “ಬೆನ್ನಿಗೆ ಕಣೇ, ಬಾಯಿಗಲ್ಲ!” ಎಂದು ಕೂಗು ಕೇಳುತ್ತದೆ.

ಒಂದು ಜೂನಿನಲ್ಲಿ ತಿಪಟೂರಿನಿಂದ ಮಾವನವರು ಬಂದಿದ್ದರು. ಅಳಿಯನ ಕತ್ತಿಗಳಿಗೆಂದು ಮನೆಯ ಕೊಬ್ಬರಿಯಿಂದ ಗಾಣದಲ್ಲಿ ತೆಗೆಸಿದ ಎಣ್ಣೆ ತಂದಿದ್ದರು. ಜೂನಿನಲ್ಲೂ ಲೆಸ್ಟರಿನ ಚಳಿಗೆ ಅದು ಬಾಟಲಿಯೊಳಗೇ ಹೆಪ್ಪುಗಟ್ಟಿತು. ಅಡುಗೆ ಎಣ್ಣೆಗಳು ಕಾಲಕ್ರಮೇಣ ಅಂಟಾಗುತ್ತವೆ, ಕತ್ತಿಗೆ ಮಿನರಲ್ ಆಯಿಲ್ಲೇ ಸರಿ ಎಂದು ರಾಯರು ಹೇಳಲಿಲ್ಲ; ಹೇಳದೆ ಇದ್ದದ್ದನ್ನು ಅವರ ಲೆಕ್ಕಕ್ಕೆ ಜಮಾ ಮಾಡಬೇಕು. ಏಳು ವಾರದ ಪೆಟ್ಟಿಗೆ ತೋರಿಸಿದಾಗ ಮಾವನವರು ಒಂದೊಂದನ್ನೂ ಎತ್ತಿ ನೋಡಿ ಕೇಳಿದರು: “ಅಲ್ಲಾ ಅಳಿಯಂದ್ರೆ, ಮಂಗಳವಾರ, ಶುಕ್ರವಾರ, ಶನಿವಾರದ್ದು ಯಾಕೆ ಮಾಡಿಸಿದಾರೆ? ಆವತ್ತು ಕ್ಷೌರ ಮಾಡಿಸಬಾರದಲ್ಲ.” ಇದಕ್ಕೆ ಶೆಫೀಲ್ಡಿನಲ್ಲಿ ಉತ್ತರವಿಲ್ಲ.

ಶೆಡ್ಡಿನಲ್ಲಿ ಮಸೆಯುವುದನ್ನು ಅವರು ಕುರ್ಚಿ ಹಾಕಿಕೊಂಡು ಕೊನೆಯವರೆಗೆ ನೋಡಿದರು. ಹಾಗೆ ಕೊನೆಯವರೆಗೆ ನೋಡಿದವರು ಅವರೊಬ್ಬರೇ. ಆಮೇಲೆ ತಮ್ಮ ಊರಿನ ಕ್ಷೌರದವನ ಮಾತು ತೆಗೆದರು. ಹದಿನೈದು ದಿನಕ್ಕೊಮ್ಮೆ ತನ್ನ ಪೆಟ್ಟಿಗೆ ಹಿಡಿದು ಮನೆಗೇ ಬರುತ್ತಿದ್ದ, ಜಗುಲಿಯ ಕೆಳಗೆ ಕೂರಿಸಿಕೊಳ್ಳುತ್ತಿದ್ದ, ಅವನ ಹತ್ತಿರ ಇದ್ದದ್ದು ಒಂದೇ ಕತ್ತಿ, ಅಂಗೈಯಗಲದ ಒಂದೇ ಕಲ್ಲು. ನೀರು ಚಿಮುಕಿಸಿ ನಾಲ್ಕು ಸಲ ಎಳೆದು, ಅಂಗೈ ಮೇಲೆ ಅತ್ತಿತ್ತ ಸವರಿ, ಕೆಲಸಕ್ಕೆ ಕೂರುತ್ತಿದ್ದ. ಅಷ್ಟರಲ್ಲೇ ಊರಿನ ಗಂಡಸರ ಗಡ್ಡವೆಲ್ಲ ಹೋಗುತ್ತಿತ್ತು. ಅವನಿಗೆ ಸಲ್ಲುತ್ತಿದ್ದದ್ದು ಸುಗ್ಗಿಯಲ್ಲಿ ಕಣದ ಹತ್ತಿರ ಅಳೆದು ಕೊಡುವ ಆಯದ ರಾಗಿ. “ಕ್ಷೌರ ಆದಮೇಲೆ ಹಿತ್ತಲಿಂದ ಬಂದು ಸ್ನಾನ ಮಾಡಿಯೇ ಒಳಗೆ. ಆ ಕತ್ತಿನ ನಮ್ಮಮ್ಮ ಹೊಸ್ತಿಲು ದಾಟಿಸ್ತಿರಲಿಲ್ಲ,” ಎಂದರು ಮಾವನವರು. ನಡುಮನೆಯ ಗಾಜಿನ ಪೆಟ್ಟಿಗೆಯಲ್ಲಿ ವೆಲ್ವೆಟ್ಟಿನ ಮೇಲೆ ಮಲಗಿದ್ದ ವೇಡ್ ಅಂಡ್ ಬುಚರ್ ಕಡೆಗೆ ಅವರ ನೋಟ ಹೋಗಿ ಬಂತು. ರಾಯರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಕೇಳಿದರು: “ಅವನ ಕತ್ತಿ ಯಾವ ಕಂಪನಿದು ಮಾವ?”

ಈ ಪ್ರಶ್ನೆಗೆ ನಗಬಹುದು, ನಕ್ಕದ್ದೂ ಉಂಟು. ಆದರೆ ಎರಡು ತಲೆಮಾರಿನ ಹಿಂದೆ ಆ ಕತ್ತಿಯ ಬಗ್ಗೆ ಆ ಮನೆಯಲ್ಲಿ ಯಾರೂ ಏನೂ ಕೇಳಿರಲಿಲ್ಲ. ಅದನ್ನು ಹಿಡಿದವನ ಕೈಯ ಹದಕ್ಕೆ ಯಾರೂ ಬೆಲೆ ಕಟ್ಟಿರಲಿಲ್ಲ. ಅದೇ ಹದಕ್ಕಾಗಿ ಇವತ್ತು ಆ ಮನೆಯ ಅಳಿಯ ಶನಿವಾರಗಳನ್ನೆಲ್ಲ ಸುರಿಯುತ್ತಿದ್ದಾನೆ, ಇನ್ನೂ ಕೈ ಕೂಡಿಲ್ಲ. ಊರಿನ ಆ ಕಸುಬೂ ಬದಲಾಯಿತು. ರಕ್ತದಿಂದ ಹರಡುವ ರೋಗಗಳ ಭಯ, ಅದರಲ್ಲೂ ಎಚ್‌ಐವಿ ಭಯ ಬಂದ ಮೇಲೆ ನಮ್ಮ ಸೆಲೂನುಗಳಲ್ಲಿ ಅರ್ಧ ಬ್ಲೇಡು ಸಿಕ್ಕಿಸಿ ಪ್ರತಿ ಗಿರಾಕಿಗೂ ಹೊಸದು ಹಾಕುವ ಕತ್ತಿಯೇ ರೂಢಿಯಾಯಿತು. ಅದು ಆಗಬೇಕಾದದ್ದೇ. ಮಸೆಯಲು ಬಾರದೆಯೂ ಈಗ ಒಳ್ಳೆಯ ಕ್ಷೌರಿಕನಾಗಬಹುದು. ಮಾವನವರು ಹೇಳಿದವನ ಮಕ್ಕಳು ಅರಸೀಕೆರೆಯಲ್ಲಿ ಹವಾನಿಯಂತ್ರಿತ ಸೆಲೂನು ಇಟ್ಟಿದ್ದಾರೆ, ಆಯದ ರಾಗಿಗೆ ಕಾಯುವ ಕಾಲ ಹೋಯಿತು. ಕತ್ತಿ ಏನಾಯಿತೋ ಮಾವನವರಿಗೆ ಗೊತ್ತಿಲ್ಲ. ಊರಿಗೆ ಹೋದಾಗ ವಿಚಾರಿಸಬೇಕೆಂದು ರಾಯರು ಡೈರಿಯಲ್ಲಿ ಬರೆದುಕೊಂಡಿದ್ದಾರೆ. ಇದೆಲ್ಲ ವಿಷಯಾಂತರ.

ಕ್ಷೌರದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬಿಸಿ ನೀರು, ಬ್ರಶ್ಶು, ದಪ್ಪನೆಯ ನೊರೆ. ಇನ್ನೊಂದು ಕೈಯಲ್ಲಿ ಚರ್ಮ ಬಿಗಿ ಹಿಡಿದು, ಕತ್ತಿಯನ್ನು ಮೂವತ್ತು ಡಿಗ್ರಿ ಓರೆಯಿಟ್ಟು, ಕೂದಲು ಬೆಳೆದ ದಿಕ್ಕಿಗೇ ಎಳೆಯುವುದು. ಚೆನ್ನಾಗಿ ಮಸೆದ ಕತ್ತಿಯಾದರೆ ಸಿಗುವ ನುಣುಪು ಪ್ಲಾಸ್ಟಿಕ್ ತಲೆಗೆ ಎಂದೂ ಸಾಧ್ಯವಿಲ್ಲ. ರಾಯರು ಹೇಳುವ ಮಾತುಗಳಲ್ಲಿ ಇದೊಂದರಲ್ಲಿ ಎಳ್ಳಷ್ಟೂ ಉತ್ಪ್ರೇಕ್ಷೆಯಿಲ್ಲ.

ಹೀಗಿರುವಾಗ ಓದುಗರಲ್ಲಿ ಯಾರಿಗಾದರೂ ಒಂದು ಹಳೆಯ ಕತ್ತಿ ಕೊಳ್ಳುವ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ. ಐದೆಂಟು ಅಥವಾ ಆರೆಂಟು ಅಗಲದ, ಮೂಗು ಗುಂಡಗಿರುವ, ಒಳಕ್ಕೆ ಕೊರೆದ ಸೋಲಿಂಗೆನ್ ಕತ್ತಿ ಹೊಸಬರಿಗೆ ಸುಲಭ. ಶೆಫೀಲ್ಡಿನ ಬೆಣೆಗಳ ಗೊಡವೆ ಮೊದಲೇ ಬೇಡ. ಅಲಗಿನಲ್ಲಿ ಬಿರುಕು ಇರಬಾರದು. ಅಂಚಿನ ಹತ್ತಿರ ತುಕ್ಕಿನ ಗುಳಿ ಇರಬಾರದು. ಬೆನ್ನಿನ ಹತ್ತಿರ ಇದ್ದರೆ ಅಡ್ಡಿಯಿಲ್ಲ. ಬಾಯಿಯ ಗೆರೆ ನೇರವಾಗಿ ಅಥವಾ ಕೊಂಚ ಉಬ್ಬಿ ನಗುತ್ತಿದ್ದರೆ ಕೊಳ್ಳಬಹುದು, ನಡುವೆ ಸವೆದು ಒಳಕ್ಕೆ ಹೋಗಿದ್ದರೆ ಬಿಡುವುದು ಒಳ್ಳೆಯದು. ಬೆನ್ನಿನ ಸವೆತ ಎರಡೂ ಕಡೆ ಒಂದೇ ಸಮ ಇರಲಿ. ಸೆಲ್ಯುಲಾಯ್ಡ್ ಹಿಡಿ ಬಿರುಕು ಬಿಟ್ಟು ಪುಡಿ ಉದುರುತ್ತಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಹೊಳಪು ನೋಡಿ ಮರುಳಾಗದೆ, ಯಾರು ಮಸೆದದ್ದು, ಮಸೆದ ಮೇಲೆ ಗಡ್ಡಕ್ಕೆ ಇಟ್ಟು ನೋಡಿದ್ದಾರೆಯೇ ಎಂದು ಮಾರುವವರನ್ನು ಕೇಳಿ. ಜತೆಗೆ ಒಂದು ಚರ್ಮದ ಪಟ್ಟಿ ಕೊಳ್ಳಿ. ದಿನವೂ ಅದರ ಮೇಲೆ ಎಳೆದು, ಒರೆಸಿ ಒಣಗಿಸಿ ಇಟ್ಟರೆ ಒಮ್ಮೆ ಮಸೆದ ಕತ್ತಿ ತಿಂಗಳುಗಟ್ಟಲೆ ಬರುತ್ತದೆ. ಮೊಂಡಾದಾಗ ದುಡ್ಡು ತೆಗೆದುಕೊಂಡು ಮಸೆದು ಕೊಡುವವರು ಇದ್ದಾರೆ, ಅವರಿಗೆ ಕಳುಹಿಸಿ. ಕಲ್ಲು ಮಾತ್ರ ಕೊಳ್ಳಬೇಡಿ.